ಗಿಳಿಯ ಸುತ್ತಲಿನ ಬಿಳಿ ಅಂಚು

ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನ್ನನ್ನು ಕಂಡು ‘ಪಾಪ’ ಅನ್ನುವವರ ಮೇಲೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಯಾರಿಗೂ ಉತ್ತರ ಹೇಳಬೇಕಿಲ್ಲದ ಆ ಒಂದು ತಾಸಿನ ಸುಖ ಇವರಿಗೇನು ಗೊತ್ತು? ಈಗ ಅದಕ್ಕೂ ಕುತ್ತು ಬಂದಿತ್ತು. ಮೇಲಿಂದ ಮೇಲೆ ತಡವಾಗಿ ಬಂದದ್ದಕ್ಕೆ ಅತ್ತೆ ಖಡಾಖಂಡಿತವಾಗಿ ಹೇಳಿದ್ದರು: “ದೀಪಾ ಹಚ್ಚೂದ್ರೊಳಗ ಮನಿಗಿ ಬಾ. ಇನ್ನೊಂದ್ಸಲ ತಡಾ ಆತಂದ್ರ ಕೆಲಸಾನೇ ಬ್ಯಾಡ.”

ನಮ್ಮ ಸ್ಟುಡಿಯೋ ಎಂದರೆ ಸ್ಟೇಶನ್ ಬಜಾರದ ಲಾಡ್ಜೊಂದರ ಮೇಲಿನ ಕೋಣೆ, ಕಿಟಕಿಗೆಲ್ಲ ಕಪ್ಪು ಹಾಳೆ. ಮಕ್ಕಳ ಧಾರಾವಾಹಿಗಾಗಿ ಕಂಪ್ಯೂಟರಿನಲ್ಲಿ ಹುಟ್ಟಿದ ಗಿಳಿಯನ್ನು, ಕ್ಯಾಮೆರಾದಲ್ಲಿ ಹಿಡಿದ ಮರದ ಮೇಲೆ ಕೂರಿಸುವುದು ನನ್ನ ಕೆಲಸ. ಬಿಸಿಲಿಗೆ ಹೊಂದಲಿ ಎಂದು ಗಿಳಿಯ ಬಣ್ಣ ಬೆಳಗಿಸಿದರೆ ಸಾಕು, ಪುಕ್ಕದ ಸುತ್ತ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಅಂಚು ಏಳುತ್ತಿತ್ತು. ಅದನ್ನು ಒಂದೊಂದೇ ಫ್ರೇಮಿನಲ್ಲಿ ಕೈಯಿಂದ ಅಳಿಸುವುದು ಅಲ್ಲಿಯ ರೂಢಿ. ಎಲ್ಲರ ಸಂಜೆಗಳೂ ಹಾಗೇ ಹಾಳಾಗುತ್ತಿದ್ದವು.

ಆ ದಿನ ಮಾಲೀಕರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಅಂಚು ಹೋಗುವ ತನಕ ಯಾರೂ ಏಳುವ ಹಾಗಿಲ್ಲ ಎಂದರು. ಅಂದು ತಡವಾದರೆ ನನ್ನ ಕೆಲಸವೇ ಹೋಗುತ್ತಿತ್ತು. ಕೈಸೋತು ಬರೀ ಆಲ್ಫಾವನ್ನು ಪರದೆಯ ಮೇಲೆ ತೆರೆದೆ. ಚಿತ್ರದ ಜೊತೆಗೇ ಬರುವ ಪದರ ಅದು. ಎಲ್ಲಿ ಗಿಳಿ, ಎಲ್ಲಿ ಬಯಲು, ಎಲ್ಲಿ ಅರೆಬರೆ ಎಂದು ಅಂಕಿಗಳಲ್ಲಿ ಹೇಳುತ್ತದೆ. ಪುಕ್ಕದ ತುದಿಯೆಲ್ಲ ಅರೆಬರೆ. ಅಲ್ಲಿಯ ಬಣ್ಣವನ್ನು ಗಿಳಿ ಮಾಡಿದವರು ಆಲ್ಫಾದಿಂದ ಮೊದಲೇ ಗುಣಿಸಿ ತೆಳ್ಳಗೆ ಮಾಡಿ ಕಳಿಸಿರುತ್ತಾರೆ. ಅಯ್ಯೋ ಶಿವನೇ, ನಾವು ಇಷ್ಟು ದಿನ ಆ ತೆಳ್ಳಗಾದ ಬಣ್ಣವನ್ನೇ ತಿದ್ದುತ್ತಿದ್ದೆವು! ಮೊದಲು ಆಲ್ಫಾದಿಂದ ಭಾಗಿಸಿ ಮೂಲ ಬಣ್ಣಕ್ಕೆ ತಂದೆ, ಅದನ್ನು ತಿದ್ದಿದೆ, ಆಮೇಲೆ ಮತ್ತೆ ಗುಣಿಸಿದೆ. ಅಂಚು ಮಾಯವಾಯಿತು.

ಮಾಲೀಕರು ಗಿಳಿಯನ್ನು ದೊಡ್ಡದು ಮಾಡಿ ನೋಡಿ, ತಲೆಯಾಡಿಸಿ, ಕುರ್ಚಿ ಸರಿಸಿದರು. ಓಡಿಹೋಗಿ ಬಸ್ಸು ಹಿಡಿದೆ. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು.

ಖುಷಿಯಲ್ಲಿ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಇಡೀ ಸಂಜೆ ತಿನ್ನುವ ಕೆಲಸವನ್ನು ಚಹಾ ಕುದಿಯುವಷ್ಟರಲ್ಲಿ ಮುಗಿಸಿ ಬಂದೆ ಎಂದು ಜಂಬ ಕೊಚ್ಚಿದೆ. ಗಂಡ ಬಟ್ಟಲು ಕೆಳಗಿಟ್ಟ.

“ಇಷ್ಟು ಲಗೂ ಮುಗೀತದಂದ್ರ ದಿನಾ ಅಲ್ಲೀತನಕಾ ಯಾಕ ಹೋಗ್ತಿ? ಮನ್ಯಾಗೇ ಕುಂತು ಮಾಡು.”

ಅತ್ತೆ ಆಗಲೇ ಜೋಳದ ಚೀಲಗಳ ಕೋಣೆಯ ಕಡೆ ಕೈ ತೋರಿಸುತ್ತಿದ್ದರು. ಹೋಗಬೇಕು ಅನ್ನುವುದಕ್ಕೆ ಕೆಲಸ ಬಿಟ್ಟರೆ ಬೇರೆ ಯಾವ ನೆಪ ನನ್ನ ಹತ್ತಿರ ಇತ್ತು?

ಈಗ ಗಿಳಿಗಳು ಇಂಟರ್ನೆಟ್ಟಿನಲ್ಲೇ ಕಮಲಾಪುರಕ್ಕೆ ಬರುತ್ತವೆ. ಒಂದು ಮುಗಿಯುತ್ತಲೇ ರೊಟ್ಟಿ ಬಡಿಯಲು ಕರೆ ಬರುತ್ತದೆ. ಅದಕ್ಕೇ ಭಾಗಿಸುವುದನ್ನು ಬಿಟ್ಟಿದ್ದೇನೆ. ಬಾಗಿಲು ಹಾಕಿಕೊಂಡು, ಬಿಳಿ ಅಂಚನ್ನು ಕೈಯಿಂದಲೇ ಒಂದೊಂದು ಫ್ರೇಮಿನಲ್ಲಿ ನಿಧಾನಕ್ಕೆ ಅಳಿಸುತ್ತೇನೆ.