ಉತ್ತರದ ಬಾಗಿಲ ಸಲ್ವೋರ್

ನಮ್ಮೂರ ಈಜುಕೊಳದಲ್ಲಿ ಹೆಂಗಸರ ಸ್ನಾನದ ಕೋಣೆಯನ್ನು ಸಲ್ವೋರ್ ಕಾಯುತ್ತಿದ್ದಷ್ಟು ಕಾಲ, ಮೈ ತೊಳೆಯದೆ ನೀರಿಗಿಳಿದ ಹೆಂಗಸು ಒಬ್ಬಳೂ ಇಲ್ಲ. ಬಟ್ಟೆ ಪೂರ್ತಿ ಬಿಚ್ಚಬೇಕು, ಸೋಪು ಹಚ್ಚಬೇಕು, ತಲೆ, ಕಂಕುಳು, ಪಾದ ಯಾವುದನ್ನೂ ಬಿಡಬಾರದು. ಈಜುಡುಗೆ ಏನಿದ್ದರೂ ಆಮೇಲೆ. ನಮಗಿದು ಹುಟ್ಟಿನಿಂದ ಬಂದದ್ದು, ಹೊರದೇಶದವರಿಗೆ ಮಾತ್ರ ನಾಚಿಕೆಯಲ್ಲಿ ಜೀವ ಹೋದಂತಾಗುತ್ತದೆ. ಒಮ್ಮೆ ರಾಜಧಾನಿಯಿಂದ ಬಂದ ದೊಡ್ಡ ಅಧಿಕಾರಿಣಿಯೊಬ್ಬಳು ಅವಸರದಲ್ಲಿ ಹಾಗೇ ನುಸುಳಲು ನೋಡಿದಾಗ ಸಲ್ವೋರ್ ನೆಲ ಒರೆಸುವ ಕೋಲನ್ನು ಅಡ್ಡ ಹಿಡಿದು, ಪಾದ ಒಣಗಿದೆಯಲ್ಲ ಎಂದಳು. ಯಾರೋ ಹೇಳಿದ ಮಾತಲ್ಲ, ನಾನೇ ಪಕ್ಕದ ಷವರಿನ ಕೆಳಗಿದ್ದೆ. ಆಕೆ ವಾಪಸು ಹೋಗಿ ತೊಳೆದುಕೊಂಡು ಬಂದಳು.

ನಾನು ಡೀಸಾ. ಕೊಳದ ಎದುರಿನ ಬೇಕರಿ ನನ್ನದು. ಬೆಳಗಿನ ಬ್ರೆಡ್ಡು ಮುಗಿಸಿ, ಬಯಲಲ್ಲಿರುವ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂರದಿದ್ದರೆ ನನಗೆ ದಿನವೇ ಶುರುವಾಗುವುದಿಲ್ಲ. ತಲೆಯ ಮೇಲೆ ಹಿಮ ಬೀಳುತ್ತಿರಲಿ, ಗಾಳಿ ಬೀಸುತ್ತಿರಲಿ, ಗಂಡಸರು ಹೆಂಗಸರು ಎಲ್ಲ ಅಲ್ಲಿ ಸೇರುತ್ತೇವೆ. ಊರಿನ ತೀರ್ಮಾನಗಳೆಲ್ಲ ಅಲ್ಲೇ ಆಗುವುದು. ಪಂಚಾಯಿತಿ ಕಚೇರಿ ಇರುವುದು ಸಹಿ ಹಾಕುವುದಕ್ಕೆ.

ಸಲ್ವೋರ್‌ಗೆ ಒಬ್ಬ ತಮ್ಮ, ಹ್ಯಾಲ್ತಿ. ಮೀಸೆ ಮೂಡುವ ಮುಂಚೆಯೇ ಊರು ಬಿಟ್ಟವನು ರಾಜಧಾನಿಯಲ್ಲಿ ಕೂತು 'ಬೂದಿನಾಡು' ಎಂಬ ಕಾದಂಬರಿ ಮಾಲೆ ಬರೆದ. ಜ್ವಾಲಾಮುಖಿಯ ಬೂದಿ ಮುಚ್ಚಿದ ದೇಶ, ಅಲ್ಲಿ ಮೂರು ರಾಜವಂಶಗಳ ಕಾದಾಟ, ಬಂಡೆಯೊಳಗೆ ಮನೆ ಮಾಡಿಕೊಂಡ ಜನ, ಹಿಮದಡಿ ಮಲಗಿದ ಹಾವು. ಎಂಟು ಸಂಪುಟ ಬಂದವು, ಎಲ್ಲೆಲ್ಲಿಯ ಭಾಷೆಗೋ ಹೋದವು. ಆ ನಾಡಿನ ಉತ್ತರದ ಬಾಗಿಲನ್ನು ಡ್ರೀವಾ ಎಂಬ ಹೆಂಗಸು ಕೊಡಲಿ ಹಿಡಿದು ಕಾಯುತ್ತಾಳೆ. ಮೈಮೇಲಿನ ಬೂದಿ ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಎರಡನೆಯ ಸಂಪುಟದಲ್ಲಿ ಯುದ್ಧ ಗೆದ್ದು ಬಂದ ರಾಜನನ್ನೇ ಕವಚ ಬಿಚ್ಚಿಸಿ, ಚಳಿಯಲ್ಲಿ ನಡುಗಿಸಿ, ಕಿವಿಯ ಹಿಂದೆ ಇನ್ನೊಮ್ಮೆ ತಿಕ್ಕಿಕೋ ಎನ್ನುತ್ತಾಳೆ. ಅದನ್ನು ಓದಿದ ದಿನ ತೊಟ್ಟಿಯಲ್ಲಿ ನಾವು ನಕ್ಕ ನಗುವಿಗೆ ನೀರು ಅಂಚು ದಾಟಿ ಚೆಲ್ಲಿತು. ಸಲ್ವೋರ್ ಮಾತ್ರ ಹುಬ್ಬು ಗಂಟಿಕ್ಕಿ, ನಾನು ಇಷ್ಟು ಒರಟಾಗಿ ಮಾತಾಡುತ್ತೇನಾ ಎಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದಳು. ಒಳಗೊಳಗೇ ಹಿಗ್ಗಿದ್ದು ನಮಗೆ ಕಾಣಿಸದೆ ಇರಲಿಲ್ಲ. ಆಮೇಲಾಮೇಲೆ ಓದುಗರೂ ಬರತೊಡಗಿದರು. ಜರ್ಮನಿಯ ಹುಡುಗಿಯೊಬ್ಬಳು ಬೈಸಿಕೊಳ್ಳಲೆಂದೇ ಒಣ ಮೈಯಲ್ಲಿ ಬಾಗಿಲಿಗೆ ಬಂದಳು. ಸಲ್ವೋರ್ ಚೆನ್ನಾಗಿಯೇ ಬೈದಳು.

ಆದರೆ ಎಂಟು ಸಂಪುಟಗಳಲ್ಲಿ ಎಲ್ಲರೂ ಎಲ್ಲೆಲ್ಲಿಗೋ ಹೋದರು, ಡ್ರೀವಾ ಒಮ್ಮೆಯೂ ಬಾಗಿಲು ದಾಟಲಿಲ್ಲ. ಸಲ್ವೋರ್ ಕೂಡ ಅಷ್ಟೆ. ಹರೆಯದಲ್ಲಿ ಮೀನಿನ ಶೆಡ್ಡಿನಲ್ಲಿ ಉಪ್ಪು ಮೀನು ಪೆಟ್ಟಿಗೆಗೆ ತುಂಬಿದಳು, ಶೆಡ್ಡು ಮುಚ್ಚಿದ ಮೇಲೆ ಕೊಳಕ್ಕೆ ಬಂದಳು. ಮದುವೆ ಬೇಡವೆಂದಳು. ಯಾರಾದರೂ ಪ್ರವಾಸ ಹೊರಟರೆ ಅವರ ಬೆಕ್ಕಿಗೆ ಊಟ ಹಾಕುವವಳು ಇವಳೇ.

ಹೋದ ಶರತ್ಕಾಲದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂಬತ್ತನೆಯ ಸಂಪುಟವೇ ಕೊನೆಯದು ಎಂದು ಹ್ಯಾಲ್ತಿ ಸಾರಿದ. ವರ್ಷದ ಕೊನೆಗೆ ಸಲ್ವೋರ್‌ಳ ನಿವೃತ್ತಿ ಎಂದು ಕಚೇರಿಯವರು ತಿಳಿಸಿದರು. ಅವತ್ತು ಸ್ನಾನದ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಲ್ಲಿ ಉಜ್ಜುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು.

"ಡೀಸಾ, ಯಾರಿಗೂ ಹೇಳ್ಬೇಡ. ನಾ ತುಂಬ್ತಿದ್ದ ಪೆಟ್ಟಿಗೆ ಮೇಲೆಲ್ಲ ಪೋರ್ತೊ ಅಂತ ಮುದ್ರೆ ಹೊಡೀತಿದ್ರು. ಸಮುದ್ರದಾಚೆ ಆ ಊರು ನೋಡ್ಬೇಕು. ನಮ್ಮ ಮೀನನ್ನ ಅಲ್ಲಿ ಹೆಂಗೆ ಬೇಯಿಸ್ತಾರೋ, ಒಂದ್ಸಲ ತಿಂದು ಬರ್ಬೇಕು."

ಹೋಗಿ ಬಾ, ಯಾರು ಬೇಡ ಎಂದರು ಎಂದೆ.

"ಧೈರ್ಯ ಬರ್ತಿಲ್ಲ ಮಾರಾಯ್ತಿ. ಹ್ಯಾಲ್ತಿಗೆ ನಾ ಏನು ಅಂತ ಗೊತ್ತು, ಚಿಕ್ಕಂದಿನಿಂದ ನೋಡಿದಾನೆ. ಈ ಸಲ ಡ್ರೀವಾ ಬಾಗಿಲು ದಾಟಿದ್ರೆ ನಾನೂ ದಾಟ್ತೀನಿ. ಅವಳು ಅಲ್ಲೇ ಉಳಿದ್ರೆ, ಸರಿ, ನನ್ನ ಹಣೇಲಿ ಅಷ್ಟೇ ಬರೆದಿದ್ದು."

ತಮ್ಮನ ಕಥೆಗೆ ತನ್ನ ಬಾಳನ್ನು ಗಂಟು ಹಾಕಿಕೊಂಡದ್ದು ಹುಚ್ಚುತನ ಎಂದು ನನಗನ್ನಿಸಿತು. ಆದರೆ ಪಾಸ್‌ಪೋರ್ಟು ಮಾಡಿಸಿದ್ದಳು, ಕೆಂಪು ಸೂಟ್‌ಕೇಸೂ ಬಂದಿತ್ತು. ಅದು ಬೀರುವಿನಿಂದ ಮಂಚಕ್ಕೆ, ಮಂಚದಿಂದ ಬೀರುವಿಗೆ ಓಡಾಡುತ್ತಿತ್ತು.

ನಮ್ಮ ದೇಶದಲ್ಲಿ ಹೊಸ ಪುಸ್ತಕಗಳೆಲ್ಲ ಕ್ರಿಸ್‌ಮಸ್‌ಗೆ ಮುಂಚೆ ಒಟ್ಟಿಗೆ ಬರುತ್ತವೆ. ನವೆಂಬರಿನಲ್ಲಿ ಊರಿಗೆ ಊರೇ ಒಂಬತ್ತನೆಯ ಸಂಪುಟ ಹಿಡಿದು ಕೂತಿತು. ಸಲ್ವೋರ್ ಒಬ್ಬಳು ಓದಲಿಲ್ಲ. ಹ್ಯಾಲ್ತಿ ಕಾಗದ ಸುತ್ತಿ ಕಳಿಸಿದ ಪ್ರತಿ ಕಿಟಕಿಯ ಕಟ್ಟೆಯ ಮೇಲಿತ್ತು. ಹಬ್ಬದ ಮುನ್ನಾ ಸಂಜೆ ಆರಕ್ಕೆ ರೇಡಿಯೋದಲ್ಲಿ ಚರ್ಚಿನ ಗಂಟೆ ಹೊಡೆಯುವವರೆಗೆ ಉಡುಗೊರೆ ಬಿಚ್ಚಬಾರದು. ಅವಳ ಮನೆಯಲ್ಲಿ ಯಾವತ್ತೂ ಆ ಪದ್ಧತಿ ಮುರಿದದ್ದಿಲ್ಲ. ಸೋಪಿನ ವಿಷಯದಲ್ಲಿ ಸಡಿಲ ಬಿಡದವಳು ಇದರಲ್ಲಿ ಬಿಡುತ್ತಾಳೆಯೇ?

ನಾನು ಮೊದಲ ವಾರವೇ ಓದಿ ಮುಗಿಸಿದೆ. ಮುಗಿಸಿ ಮತ್ತೆ ತಿರುವಿ ಹಾಕಿದೆ, ಪುಟಗಳೇನಾದರೂ ಅಂಟಿಕೊಂಡಿವೆಯೋ ಎಂದು ಬೆರಳು ಆಡಿಸಿದೆ. ಡ್ರೀವಾ ಸತ್ತಿರಲಿಲ್ಲ. ಹೊರಗೂ ಹೋಗಿರಲಿಲ್ಲ. ಅವಳು ಪುಸ್ತಕದಲ್ಲಿ ಇರಲೇ ಇಲ್ಲ. ಅಷ್ಟು ದಪ್ಪ ಪುಸ್ತಕ, ರಾಜನ ಕುದುರೆಗೂ ಒಂದು ಗತಿ ಕಾಣಿಸಿದ್ದಾನೆ, ಡ್ರೀವಾಳ ಹೆಸರು ಒಂದು ಕಡೆಯೂ ಇಲ್ಲ. ಹ್ಯಾಲ್ತಿ ಎದುರಿಗಿದ್ದಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ.

ಮರುದಿನ ತೊಟ್ಟಿಯಲ್ಲಿ ಎಲ್ಲರ ಮುಖವೂ ಒಂದೇ ತರಹ. ಹಳೆಯ ಹಡಗಿನ ಕಪ್ತಾನ ಊಲ್ಫಾರ್, ಈ ವಿಷಯ ಯಾರೂ ಬಾಯಿ ಬಿಡಬಾರದು, ಹಬ್ಬದವರೆಗಾದರೂ ಅವಳು ನೆಮ್ಮದಿಯಾಗಿರಲಿ ಎಂದ. ಎಲ್ಲರೂ ಒಪ್ಪಿದೆವು. ನಮ್ಮ ಬುದ್ಧಿಗೇಡಿತನ ಅದೇ. ಬಾಯಿಗೆ ಬೀಗ ಹಾಕುವ ಅಭ್ಯಾಸವೇ ಇಲ್ಲದ ಜನ ಒಮ್ಮೆಲೇ ಮೌನವಾದರೆ ಎಂಥವರಿಗೂ ಅನುಮಾನ ಬರುತ್ತದೆ.

ನವೆಂಬರು ಕಳೆಯುವ ಹೊತ್ತಿಗೆ ಸೂರ್ಯ ನಮ್ಮ ಬೆಟ್ಟದ ಹಿಂದೆ ಹೋದರೆ ಜನವರಿಯ ಕೊನೆಯವರೆಗೆ ಮುಖ ತೋರಿಸುವುದಿಲ್ಲ. ಆ ಕತ್ತಲಲ್ಲಿ ಎಲ್ಲರಿಗೂ ಸ್ವಲ್ಪ ತಲೆ ಕೆಡುತ್ತದೆ. ಸಲ್ವೋರ್‌ಗಂತೂ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ತೊಟ್ಟಿಯ ಹತ್ತಿರ ಟವೆಲು ಕೊಡುವ ನೆಪದಲ್ಲಿ ಬಂದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಹೋಗುವಳು. ಊಲ್ಫಾರ್ ಆಕಾಶ ನೋಡುವನು, ನಾನು ಕೂದಲು ಹಿಂಡುವೆನು. ಒಂದು ದಿನ ಯಾರೋ ಆ ಪುಸ್ತಕವನ್ನು ಬಟ್ಟೆ ಬದಲಿಸುವ ಬೆಂಚಿನ ಮೇಲೆ ಮರೆತು ಹೋಗಿದ್ದರು, ಕೊನೆಯ ಪುಟಗಳು ತೆರೆದೇ ಇದ್ದವು. ಅವಳು ಮುಖ ಆಚೆ ತಿರುಗಿಸಿ, ಕೈಯಲ್ಲೇ ತಡಕಾಡಿ ಅದರ ಮೇಲೆ ಟವೆಲು ಹಾಕಿ ಮುಚ್ಚಿದಳು. ಆಮೇಲೆ ಬೇಕರಿಗೆ ಬಂದು, ಏನೂ ಕೊಳ್ಳದೆ, ಕೌಂಟರಿನ ಮುಂದೆ ನಿಂತಳು.

"ಸಾಯ್ತಾಳಾ?" ಎಂದಳು.

ಗಂಟೆ ಹೊಡೆಯಲಿ, ಆಗ ಗೊತ್ತಾಗುತ್ತದೆ ಎಂದೆ.

"ನಿಮ್ಮೆಲ್ಲರ ಮುಖ ನೋಡಿದ್ರೆ ಹೆಣ ಹೊತ್ತು ಬಂದೋರ ಹಾಗಿದೀರಿ. ಸಾಯ್ಲಿ ಬಿಡು. ಕೊಡಲಿ ಹಿಡಕೊಂಡು ಸತ್ರೆ ಸಾಕು, ಮಂಚದ ಮೇಲೆ ಬೇಡ."

ನನಗೆ ಅಳು ಒತ್ತಿ ಬಂತು. ಸಾವಾದರೂ ಇದ್ದಿದ್ದರೆ ಎಷ್ಟೋ ವಾಸಿ ಎಂದು ಅವಳಿಗೆ ಹೇಗೆ ಹೇಳಲಿ? ಬೇಡವೆಂದರೂ ಒಂದು ದಾಲ್ಚಿನ್ನಿ ಬನ್ನು ಕೈಗಿಟ್ಟು ಕಳಿಸಿದೆ.

ಹಬ್ಬಕ್ಕೆ ಎರಡು ದಿನ ಮುಂಚೆ ಪದ್ಧತಿಯಂತೆ ಊರೆಲ್ಲ ಹುಳಿಸಿದ ತೊರಕೆ ಮೀನು ಬೇಯಿಸಿ ನಾರಿತು, ಮರುದಿನ ಸಂಜೆ ಆರಕ್ಕೆ ರೇಡಿಯೋದಲ್ಲಿ ಗಂಟೆ ಹೊಡೆಯಿತು. ನನ್ನ ಮನೆಯಲ್ಲಿ ಮೊಮ್ಮಕ್ಕಳು ಉಡುಗೊರೆಯ ಕಾಗದ ಹರಿಯುತ್ತಿದ್ದರು, ನನಗೆ ಕೇಳಿಸುತ್ತಿದ್ದದ್ದು ಎರಡು ಬೀದಿ ಆಚೆ ಹರಿಯುತ್ತಿದ್ದ ಒಂದೇ ಒಂದು ಕಾಗದ. ಮರುದಿನ ಅವಳ ಸುಳಿವಿಲ್ಲ, ಫೋನು ಎತ್ತಲಿಲ್ಲ. ಅದರ ಮರುದಿನ ನಾನೇ ಹೋಗಿ ಬಾಗಿಲು ಬಡಿದೆ.

ಕಣ್ಣು ಊದಿತ್ತು. ಮೇಜಿನ ಮೇಲೆ ಹೊಗೆಯಾಡಿಸಿದ ಕುರಿಮಾಂಸ ಮುಟ್ಟದೆ ಹಾಗೇ ಇತ್ತು. ಪುಸ್ತಕ ಎರಡು ಸಲ ಓದಿದ್ದಳು.

"ಹುಡುಕಿದೆ ಡೀಸಾ. ಮೊದಲನೇ ಸಲ ಕಥೆ ಓದ್ತಾ ಹುಡುಕಿದೆ, ಎರಡನೇ ಸಲ ಬರೀ ಹೆಸರು ಹುಡುಕಿದೆ. ಎಲ್ಲರಿಗೂ ಗೊತ್ತಿತ್ತು, ಅಲ್ವಾ?"

ಗೊತ್ತಿತ್ತು ಎಂದೆ. ಹ್ಯಾಲ್ತಿಯನ್ನು ಬಾಯಿಗೆ ಬಂದಂತೆ ಬೈದೆ. ಅವನ ಪುಸ್ತಕಕ್ಕೆ ಬೆಂಕಿ ಹಾಕು, ಅವನು ಯಾರು ನಿನ್ನ ಹಣೆಬರಹ ಬರೆಯುವುದಕ್ಕೆ, ಸೂಟ್‌ಕೇಸ್ ತೆಗೆದುಕೊಂಡು ಹೊರಡು ಎಂದೆ. ಅವಳು ತಟ್ಟೆಗೆ ಮಾಂಸ ಹಾಕಿ ನನಗೆ ಕೊಟ್ಟಳು, ತಾನು ತಿನ್ನಲಿಲ್ಲ. ಕೋಣೆಯ ಒಳಗೆ ಇಣುಕಿದೆ. ಸೂಟ್‌ಕೇಸ್ ಮಂಚದ ಮೇಲೆ ಇರಲಿಲ್ಲ, ಬೀರುವಿನ ಬಾಗಿಲು ಮುಚ್ಚಿತ್ತು. ಮುಗಿಯಿತು, ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡು ಮನೆಗೆ ಬಂದೆ.

ವರ್ಷದ ಕೊನೆಗೆ ಹ್ಯಾಲ್ತಿ ಬಂದ. ಲೈಬ್ರರಿಯಲ್ಲಿ ಜನರೆದುರು ತನ್ನ ಪುಸ್ತಕ ಓದುವುದಿತ್ತು. ಅದಕ್ಕೆ ಮುಂಚೆ ಬೆಳಿಗ್ಗೆ ತೊಟ್ಟಿಗೆ ಬಂದು ನಮ್ಮ ನಡುವೆ ಕೂತ, ಚೆನ್ನಾಗಿದ್ದೀರಾ ಎಂದ. ಊಲ್ಫಾರ್ ಮುಖ ತಿರುಗಿಸಿ ಬೆಟ್ಟ ನೋಡಿದ. ಅದು ಸಲ್ವೋರ್‌ಳ ಕೆಲಸದ ಕೊನೆಯ ದಿನ. ಸಮವಸ್ತ್ರದಲ್ಲೇ, ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ಹೊರಗೆ ಬಂದು ತೊಟ್ಟಿಯ ಅಂಚಿನಲ್ಲಿ ನಿಂತಳು. ಹ್ಯಾಲ್ತಿ ತಲೆ ಎತ್ತದೆ, ಅವಳು ಕೇಳುವ ಮುಂಚೆಯೇ ತೊಡಗಿದ.

"ಬರೆದೆ ಸಲ್ವೋರ್. ಬಾಗಿಲಲ್ಲೇ ಸಾಯೋ ಹಾಗೆ ಬರೆದೆ, ಮನಸ್ಸು ಬರಲಿಲ್ಲ. ಹೊರಗೆ ಕಳಿಸಿ ಬರೆದೆ. ಎಲ್ಲಿಗೆ ಹೋಗ್ತಾಳೆ ಅಂತ ಗೊತ್ತಾಗಲಿಲ್ಲ. ಅವಳಿಗೆ ಏನು ಬೇಕು ಅಂತ ನಂಗೆ ಗೊತ್ತೇ ಇರಲಿಲ್ಲ. ಕೊನೆಗೆ ಎಲ್ಲ ಹೊಡೆದುಹಾಕಿದೆ."

"ಫೋನ್ ಇತ್ತಲ್ಲೋ ಮನೇಲಿ," ಎಂದಳು ಸಲ್ವೋರ್.

ಊಲ್ಫಾರ್ ನೀರಿನೊಳಗೆ ಮೂಗಿನವರೆಗೂ ಇಳಿದ. ಹ್ಯಾಲ್ತಿಯ ಮುಖ ಕೆಂಪಾದದ್ದು ಬಿಸಿನೀರಿನಿಂದಲ್ಲ. ಇನ್ನೊಂದು ಆವೃತ್ತಿ ಬರುತ್ತದೆ, ಅದರಲ್ಲಿ ಒಂದು ಅಧ್ಯಾಯ ಸೇರಿಸುತ್ತೇನೆ ಎಂದ.

"ಏನೂ ಸೇರಿಸ್ಬೇಡ. ನಾ ಎರಡು ಸಲ ಓದಿದೀನಿ. ನಿನ್ನ ರಾಜ ಉತ್ತರದ ಬಾಗಿಲಲ್ಲಿ ಬೂದಿ ಮೆತ್ತಿದ ಮೈಯಲ್ಲೇ ಒಳಗೆ ಹೋಗ್ತಾನೆ. ಯಾರೂ ತಡೆಯಲ್ಲ. ಡ್ರೀವಾ ಇದ್ದಿದ್ರೆ ಬಿಡ್ತಿದ್ದಳಾ?"

ಇಲ್ಲ ಎಂದು ಹ್ಯಾಲ್ತಿ ಮೆಲ್ಲಗೆ ಹೇಳಿದ.

"ಅಂದ್ರೆ ಅವಳು ಬಾಗಿಲಲ್ಲಿಲ್ಲ. ಎಂಟನೇದಕ್ಕೂ ಒಂಬತ್ತನೇದಕ್ಕೂ ನಡುವೆ ಎದ್ದು ಹೋಗಿದಾಳೆ. ನಿಂಗೂ ಹೇಳದೆ ಹೋಗಿದಾಳೆ ಕಣೋ."

ಹ್ಯಾಲ್ತಿ ಅಕ್ಕನನ್ನೇ ನೋಡುತ್ತ ಕೂತ. ಅವಳನ್ನು ಅವನು ನಿಜವಾಗಿ ನೋಡಿದ್ದು ಅದೇ ಮೊದಲೇನೋ ಎನ್ನಿಸಿತು ನನಗೆ. ಎಲ್ಲಿಗೆ ಹೋದಳು ಎಂದು ಕೇಳಿದ.

"ಹೇಳಿ ಹೋಗೋಳಾಗಿದ್ರೆ ನಿನ್ನ ಪುಸ್ತಕದಲ್ಲೇ ಇರ್ತಿದ್ದಳು," ಎಂದು ಕೋಲನ್ನು ಗೋಡೆಗೆ ಒರಗಿಸಿ ಸಲ್ವೋರ್ ಒಳಗೆ ಹೋದಳು.

ಜನವರಿಯ ಮೊದಲ ವಾರದಲ್ಲೇ ಅವಳು ಹೊರಟಳು. ಬಸ್ಸಿಗೆ ಬಿಡಲು ಹೋದವಳು ನಾನೊಬ್ಬಳೇ. ಸೂಟ್‌ಕೇಸ್ ಅಷ್ಟು ಹಗುರವಾಗಿದೆಯಲ್ಲ, ಏನು ತುಂಬಿದ್ದೀಯ ಎಂದು ಕೇಳಿದ್ದಕ್ಕೆ ಒಂದು ಈಜುಡುಗೆ, ಒಂದು ಸೋಪು ಎಂದಳು. ಬೆಟ್ಟದಾಚೆಯಿಂದ ಸೂರ್ಯ ಬರುವುದಕ್ಕೆ ಇನ್ನೂ ಬಹಳ ದಿನ ಇತ್ತು, ಅವಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾನು ನೇರ ಕೊಳಕ್ಕೆ ಹೋಗಿ, ಷವರಿನ ಕೆಳಗೆ ನಿಂತು, ಮನಸ್ಸು ಹಗುರಾಗುವಷ್ಟು ಅತ್ತೆ. ಹೊಸದಾಗಿ ಬಂದ ಕಾವಲಿನವಳು ಫೋನು ನೋಡುತ್ತ ಕೂತಿದ್ದಳು. ಒಬ್ಬ ಪ್ರವಾಸಿ ಹೆಂಗಸು ಒಣ ಪಾದದಲ್ಲೇ ನಮ್ಮೆದುರು ಹಾದು ನೀರಿಗಿಳಿದಳು.

ಮೊನ್ನೆ ಸೂರ್ಯ ಬೆಟ್ಟದ ಮೇಲೆ ಬಂದ. ಆ ದಿನ ಊರೆಲ್ಲ ತೆಳು ದೋಸೆ ಹುಯ್ದು, ಜಾಮು ಸವರಿ, ಕಾಫಿ ಕುಡಿಯುವ ಪದ್ಧತಿ. ನನ್ನ ಕಾವಲಿ ಕಾದಿತ್ತು, ಬೇಕರಿಯ ತುಂಬ ಜನ, ಫೋನು ಹೊಡೆದುಕೊಂಡಿತು. ಹ್ಯಾಲ್ತಿ. ಅಕ್ಕ ಫೋನು ಎತ್ತುತ್ತಿಲ್ಲ, ಮನೆಗೆ ಬೀಗ ಹಾಕಿದೆ ಎಂದು ಊಲ್ಫಾರ್ ಹೇಳಿದ, ಎಲ್ಲಿಗೆ ಹೋದಳು ಗೊತ್ತಾ ಎಂದು ಕೇಳಿದ. ಪಾಪ, ಧ್ವನಿ ಬಿದ್ದುಹೋಗಿತ್ತು. ನನಗೆ ಗೊತ್ತಿತ್ತು. ಆದರೆ ಅವಳು ಹೇಳಬೇಡ ಎಂದಿದ್ದಳು. ಅದೂ ಅಲ್ಲದೆ ದೋಸೆ ಸೀಯುತ್ತಿತ್ತು. ಅಷ್ಟನ್ನು ಮಾತ್ರ ಹೇಳಿ ಫೋನು ಇಟ್ಟೆ.