ಗಿರಿಜಾ ಓಡಿಹೋಗಿರಲಿಲ್ಲ

ಸತ್ತ ಹೆಂಗಸೊಬ್ಬಳು ನನಗೆ ಸಂಬಂಧಿ ಎಂಬ ಸುದ್ದಿ ನನಗೆ ಸಿಕ್ಕಿದ್ದು ಇಮೇಲಿನಲ್ಲಿ. ಅದೂ ಎಮರಿವಿಲ್‌ನ ಆಫೀಸಿನಲ್ಲಿ, ಬೆಳಗಿನ ಮೀಟಿಂಗು ಮುಗಿಸಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ.

ಬರೆದವರು ರೆಡ್‌ವುಡ್ ಸಿಟಿಯ ಕ್ಯಾರಲ್. ಸಾಫ್ಟ್‌ವೇರ್ ಕೆಲಸದಿಂದ ನಿವೃತ್ತರಾದ ಮೇಲೆ, ಗುರುತು ಸಿಗದ ಶವಗಳಿಗೆ ಹೆಸರು ಹುಡುಕುವ ಸ್ವಯಂಸೇವಕರ ಗುಂಪೊಂದನ್ನು ಸೇರಿದವರು. ‘ಇದು ಮೋಸದ ಇಮೇಲ್ ಅಲ್ಲ’ ಎಂಬುದೇ ಅವರ ಮೊದಲ ವಾಕ್ಯ. (ಮೋಸದ್ದೆಂದೇ ಡಿಲೀಟ್ ಮಾಡಲು ಹೊರಟಿದ್ದೆ.)

ವಿಷಯ ಇಷ್ಟು. ನಾನು ಹುಟ್ಟುವುದಕ್ಕೂ ಮುಂಚೆ, ಇಲ್ಲೇ ಈಸ್ಟ್ ಬೇ ಪ್ರದೇಶದ ಗುಡ್ಡವೊಂದರಲ್ಲಿ, ಫ್ರೀವೇ ಹೆದ್ದಾರಿಯಿಂದ ತುಸು ಒಳಗೆ, ಒಬ್ಬ ಯುವತಿಯ ಅಸ್ಥಿಗಳು ಸಿಕ್ಕಿದ್ದವು. ಯಾರೆಂದು ತಿಳಿಯಲಿಲ್ಲ. ಒಂದು ನಂಬರು ಕೊಟ್ಟು ಹೂತರು. ಈಗ ಮೂಳೆಯಿಂದ ಡಿಎನ್‌ಎ ತೆಗೆದು, ಸಾರ್ವಜನಿಕರ ಡಿಎನ್‌ಎ ಇರುವ ಡೇಟಾಬೇಸಿನಲ್ಲಿ ಹೋಲಿಸಿದ್ದಾರೆ. ಅಲ್ಲಿ ಅವಳಿಗೆ ಹೊಂದಿಕೆಯಾದವಳು ನಾನು.

ನನ್ನ ಡಿಎನ್‌ಎ ಅಲ್ಲಿಗೆ ಹೋದದ್ದಾದರೂ ಹೇಗೆ? ಹುಟ್ಟುಹಬ್ಬಕ್ಕೆ ಗೆಳತಿಯೊಬ್ಬಳು ಟೆಸ್ಟ್ ಕಿಟ್ ಕೊಟ್ಟಿದ್ದಳು. ಕೊಳವೆಯಲ್ಲಿ ಎಂಜಲು ತುಂಬಿಸಿ ಕಳಿಸಿದ್ದೆ. ‘ನೀವು ದಕ್ಷಿಣ ಭಾರತದ ಮೂಲದವರು’ ಎಂದು ಫಲಿತಾಂಶ ಬಂತು. (ಕನ್ನಡಿ ನೋಡಿದ್ದರೂ ಗೊತ್ತಾಗುತ್ತಿತ್ತು.) ಅದನ್ನು ಆ ಡೇಟಾಬೇಸಿಗೆ ಏರಿಸುವಾಗ, ಪೊಲೀಸ್ ಪ್ರಕರಣಗಳ ಜೊತೆ ಹೋಲಿಸಲು ಒಪ್ಪಿಗೆ ಇದೆಯೇ ಎಂದು ಕೇಳಿದ್ದರು. ಇದೆ ಎಂದಿದ್ದೆ.

‘ಅಕ್ಕಾ, ನೀನು ಕಳ್ಸಿದ್ದು ನಿನ್ನ ಡಿಎನ್‌ಎ ಮಾತ್ರ ಅಲ್ಲ, ನಂದೂ ಅದ್ರಲ್ಲಿದೆ. ನನ್ನ ಪರ್ಮಿಷನ್ ಕೇಳಿದ್ಯಾ?’ ಎಂದು ತಮ್ಮ ಸಿಟ್ಟಾದ. ಅವನ ಮಾತು ನ್ಯಾಯವಾದದ್ದೇ. ಈ ವಿದ್ಯೆಯಲ್ಲಿ ಒಬ್ಬರು ಬಾಗಿಲು ತೆರೆದರೆ ಇಡೀ ಮನೆಯೇ ಕಾಣುತ್ತದೆ. ಅದಕ್ಕೆ ಕಟ್ಟುನಿಟ್ಟಾದ ಕಾನೂನು ಬೇಕು, ಒಪ್ಪುತ್ತೇನೆ. ಆದರೆ ಗುಡ್ಡದ ಮೇಲೆ ಬಿದ್ದಿದ್ದವಳ ಖಾಸಗಿತನದ ಬಗ್ಗೆ ಆಗ ಯಾರು ಕೇಳಿದರು?

ಕ್ಯಾರಲ್ ಇನ್ನೊಂದು ಸಂಗತಿ ಹೇಳಿದರು. ಹಳೆಯ ಪೊಲೀಸ್ ಫೈಲಿನಲ್ಲಿ ಅವಳನ್ನು ‘ಬಹುಶಃ ಮೆಕ್ಸಿಕನ್ ಮೂಲದವಳು’ ಎಂದು ನಮೂದಿಸಿದ್ದರಂತೆ. ಉಳಿದಿದ್ದ ಕಪ್ಪು ಕೂದಲು, ಗಿಡ್ಡ ಮೈಕಟ್ಟು, ಮತ್ತೇನು ಬೇಕು? ತಲೆಬುರುಡೆ ನೋಡಿ ಅವಳ ಚಿತ್ರ ಬರೆಸಿ ಹಂಚಿದ ಕೇರಿಗಳಲ್ಲಿ ಅವಳ ಭಾಷೆ ಆಡುವವರು ಒಬ್ಬರೂ ಇರಲಿಲ್ಲ. ‘ಬಹುಶಃ’ ಎಂಬ ಪದ ಕೆಲವೇ ದಿನಗಳಲ್ಲಿ ಉದುರಿತು, ಊಹೆ ಉಳಿದುಕೊಂಡಿತು. ಅದನ್ನು ಬರೆದವರು ಯಾರು, ಪರಿಶೀಲಿಸಬೇಕಾಗಿದ್ದವರು ಯಾರು ಎಂದು ಆ ಪೊಲೀಸ್ ಕಚೇರಿಯನ್ನು ಲಿಖಿತವಾಗಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಕೆಲಸ ವಂಶವೃಕ್ಷದ್ದು. ಡಿಎನ್‌ಎ ಎಷ್ಟು ಹೊಂದುತ್ತದೆ ಎಂಬುದರಿಂದ ನಂಟು ಎಷ್ಟು ಹತ್ತಿರದ್ದೆಂದು ಅಂದಾಜಿಸುತ್ತಾರೆ. ನಮ್ಮಿಬ್ಬರ ಮುತ್ತಜ್ಜ ಮುತ್ತಜ್ಜಿ ಒಬ್ಬರೇ ಇರಬೇಕು ಎಂಬುದು ಕ್ಯಾರಲ್ ಲೆಕ್ಕ. ಅವರಿಂದ ಕೆಳಗಿಳಿದ ಕೊಂಬೆಗಳಲ್ಲಿ ಕಾಣೆಯಾದ ಹೆಣ್ಣುಮಗಳು ಯಾರೆಂದು ಹುಡುಕಿದರೆ ಮುಗಿಯಿತು. ಬಿಳಿಯರ ಪ್ರಕರಣಗಳಲ್ಲಿ ಇಂಥ ದೂರದ ನೆಂಟರು ಡೇಟಾಬೇಸಿನಲ್ಲಿ ರಾಶಿ ಸಿಗುತ್ತಾರಂತೆ. ಇಲ್ಲಿ ಸಿಕ್ಕವಳು ನಾನೊಬ್ಬಳೇ.

ಒಂದು ಶನಿವಾರ ಸ್ಯಾನ್ ರಮೋನಿನ ನಮ್ಮ ಮನೆಯಿಂದ ವಿಡಿಯೋ ಕಾಲು. ಒಂದು ಕಡೆ ಕ್ಯಾರಲ್. ಇನ್ನೊಂದು ಕಡೆ ನಾನು, ಅಮ್ಮ, ಅಮ್ಮನ ತಾಯಿ. ನಮ್ಮಜ್ಜಿ ರಾಣೆಬೆನ್ನೂರಿನವರು, ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಹೊಣೆಯನ್ನು ಅಮ್ಮ ತಾನೇ ವಹಿಸಿಕೊಂಡಳು. ನಾನು ಹೆಸರುಗಳನ್ನು ಬರೆದುಕೊಳ್ಳುವುದರಲ್ಲಿ ಮುಳುಗಿದ್ದೆ. ಅಜ್ಜಿ ಉದ್ದಕ್ಕೆ ಹೇಳಿದ್ದು ಅಮ್ಮನ ಬಾಯಲ್ಲಿ ಚುಟುಕಾಗಿ ಹೊರಬರುತ್ತಿತ್ತು. ಕ್ಯಾರಲ್ ವಂಶದ ಗಿಡ ಬರೆದುಕೊಂಡರು.

ಗಿಡದ ಎಲ್ಲ ಕೊಂಬೆಗಳನ್ನೂ ನಾವು ತಡಕಿದೆವು. ದಾವಣಗೆರೆ, ಹುಬ್ಬಳ್ಳಿ, ಪುಣೆ, ಎಲ್ಲ ಕಡೆ ಫೋನು. ಎಲ್ಲ ಹೆಣ್ಣುಮಕ್ಕಳ ಲೆಕ್ಕವೂ ಸಿಕ್ಕಿತು. ಬದುಕಿರುವವರು ಬದುಕಿದ್ದರು, ಸತ್ತವರು ಅವರವರ ಮನೆಗಳಲ್ಲೇ ಸತ್ತಿದ್ದರು. ಕಾಣೆಯಾದವರು ಇಲ್ಲವೇ ಇಲ್ಲ. ಪ್ರಯೋಗಾಲಯದಲ್ಲೇ ತಪ್ಪಾಗಿರಬೇಕು, ಈ ಪ್ರಕರಣವನ್ನು ಸದ್ಯಕ್ಕೆ ಬದಿಗಿಡುತ್ತೇವೆ ಎಂದು ಕ್ಯಾರಲ್ ಬರೆದರು.

ಅದನ್ನು ಅಡುಗೆಮನೆಯಲ್ಲಿ ಓದಿ ಹೇಳಿದೆ. ಜೋಳದ ಹಿಟ್ಟು ನಾದುತ್ತಿದ್ದ ಅಜ್ಜಿ ಕೇಳಿದರು: ‘ನಾನು, ನಿಮ್ಮಜ್ಜ ಹ್ಯಾಂಗ ಸಂಬಂಧ ಅನ್ನೂದು ಆ ಕ್ಯಾರಲ್‌ಬಾಯಿಗೆ ಗೊತ್ತೈತಿಲ್ಲೋ?’

ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ಜೋರು ಮಾಡಿದಳು.

‘ನಿಮ್ಮಜ್ಜ ನನಗ ಸ್ವಾದರಮಾವ. ನಮ್ಮವ್ವನ ಖಾಸಾ ತಮ್ಮ. ನಮ್ಮಜ್ಜೀನ ನನಗ ಅತ್ತಿ ಆದ್ಲು. ಹೇಳಿದ್ದೆನಲ್ಲ ಅವತ್ತ? ನಿಮ್ಮವ್ವ ಹೇಳಲಿಲ್ಲೇನು ಆಕಿಗೆ?’

ಅಮ್ಮ ಹೇಳಿರಲಿಲ್ಲ. ‘ಅವೆಲ್ಲ ಯಾಕೆ ಇವರ ಮುಂದೆ? ಒಂದ್ಸಲ ಆಫೀಸಲ್ಲಿ ಒಬ್ಳಿಗೆ ಹೇಳಿ ಆಗಿದೆ ನಂಗೆ. ಅವ್ಳು ಮುಖ ಹೇಗೆ ಮಾಡಿದ್ಳು ಗೊತ್ತಾ? ಛೀ ಅನ್ನೋ ಹಾಗೆ. ನಮ್ಮಪ್ಪ ಅಮ್ಮನ್ನ ಯಾಕೆ ಅವ್ರ ಬಾಯಿಗೆ ಹಾಕ್ಲಿ?’

‘ಛೀ ಅನ್ನಾಕ ಏನೈತಿ? ಅಕ್ಕನ ಮಗಳನ್ನ ಬಿಟ್ಟು ಹೊರಗಿನಾಕೀನ ತಂದಿದ್ರ ಊರಾಗ ನಮಗ ಛೀ ಅಂತಿದ್ರು’ ಎಂದರು ಅಜ್ಜಿ.

ಅಮ್ಮನ ಸಂಕೋಚ ನನಗೆ ಅರ್ಥವಾಗುತ್ತದೆ. ಇಲ್ಲಿಗೆ ಬಂದ ನಾವೆಲ್ಲರೂ ನಮ್ಮ ಬಗ್ಗೆ ಹೇಳಿಕೊಳ್ಳುವಾಗ ಒಂದಿಷ್ಟನ್ನು ಕತ್ತರಿಸಿಯೇ ಹೇಳುತ್ತೇವೆ. ಆದರೆ ಈ ಸಲ ಕತ್ತರಿ ಬಿದ್ದದ್ದು ಸತ್ತವಳ ಮೇಲೆ. ಸೋದರಮಾವ ಅಕ್ಕನ ಮಗಳನ್ನೇ ಮದುವೆಯಾದ ಮನೆಯಲ್ಲಿ ಒಬ್ಬಳೇ ಹಿರಿಯಳ ರಕ್ತ ಎರಡು ದಾರಿಯಲ್ಲಿ ಇಳಿದು ಬರುತ್ತದೆ. ಹಾಗಾಗಿ ದೂರದ ನೆಂಟರೂ ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ನಾವು ತಡಕಿದ ಗಿಡ ತಪ್ಪಾಗಿರಲಿಲ್ಲ. ಇನ್ನೂ ಒಂದು ತಲೆಮಾರು ಮೇಲಕ್ಕೆ ಹತ್ತಬೇಕಿತ್ತು.

ಈಗ ನಾನೇ, ಅಡುಗೆಮನೆಯಲ್ಲಿ ನಿಂತೇ, ಕ್ಯಾರಲ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಛೀ ಎನ್ನಲಿಲ್ಲ. ಲೆಕ್ಕ ತಿದ್ದಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮಜ್ಜಿಯ ಅಜ್ಜಿಗೆ ಒಡಹುಟ್ಟಿದವರು ಇದ್ದರೇ?’

ಒಬ್ಬಳು ತಂಗಿ ಇದ್ದಳು. ಗದಗಿಗೆ ಮದುವೆಯಾಗಿ ಹೋದವಳು. ಅವಳ ಕಿರಿಯ ಮಗನಿಗೆ ಇಬ್ಬರು ಹೆಣ್ಣುಮಕ್ಕಳು. ಇಷ್ಟು ಹೇಳಿ ಅಜ್ಜಿ ಕೈಯಲ್ಲಿನ ಹಿಟ್ಟು ಕೆಳಗಿಟ್ಟರು.

‘ದೊಡ್ಡಾಕಿ ಗಿರಿಜಾ ಅಂತ. ಲಗ್ನ ಆಗಿ ನಿಮ್ಮ ಈ ಕಡೇನ ಬಂದಿದ್ಲು. ಆಮ್ಯಾಲ ಯಾರ ಜೋಡೀನೋ ಓಡಿಹೋದ್ಲು ಅಂತ ಗಂಡ ಫೋನ್ ಮಾಡಿದ್ನಂತ. ನಾವೂ ಹೌದು ಅನ್ಕೊಂಡ್ವಿ.’

ಆ ‘ಹೌದು ಅನ್ಕೊಂಡ್ವಿ’ಯ ಬೆಲೆ ತೆತ್ತವಳು ತಂಗಿ ಶೈಲಾ. ಓಡಿಹೋದವಳ ತಂಗಿಯೆಂದು ಅವಳ ಸಂಬಂಧಗಳು ಮುರಿದವು. ತಡವಾಗಿ ಮದುವೆಯಾಯಿತು. ಆ ಮದುವೆಯ ಚಪ್ಪರದಲ್ಲಿ ಅಕ್ಕನ ಹೆಸರೆತ್ತಬಾರದೆಂದು ಅಪ್ಪ ತಾಕೀತು ಮಾಡಿದ್ದರಂತೆ. ಈಗ ಗದಗಿನಿಂದ ಶೈಲಾ ಎಂಜಲಿನ ಮಾದರಿ ಕಳಿಸಿದರು. ಒಡಹುಟ್ಟಿದವರೇ ಎಂದು ಉತ್ತರ ಬಂತು. ಗೋರಿಯ ಮೇಲೆ ನಂಬರಿನ ಜಾಗದಲ್ಲಿ ಗಿರಿಜಾ ಎಂದು ಕೆತ್ತಿಸುವ ಕೆಲಸ ನಡೆಯುತ್ತಿದೆ.

ಸುದ್ದಿ ತಿಳಿಸಲು ಫೋನ್ ಮಾಡಿದಾಗ ಶೈಲಾ ಅಳಲಿಲ್ಲ. ‘ನನಗ ಒಂದ ಮಾತು ಹೇಳ್ದಂಗ ಅಕ್ಕ ಎಲ್ಲಿಗೂ ಹೋಗಾಕಿ ಅಲ್ಲ ಅಂತ ನಾ ಅವಾಗ್ಲೇ ಬಡಕೊಂಡೆ. ಸಣ್ಣಾಕಿ ನೀ ಸುಮ್ನಿರು ಅಂದ್ರು’ ಎಂದರು. ಆಮೇಲೆ ಒಂದು ಬೇಡಿಕೆ ಇಟ್ಟರು: ‘ಅಲ್ಲಿ ಆಕೀನ ಕಡೀಕ ಕಂಡಾವ್ರು ಯಾರಾರ ಅದಾರೇನು, ನೋಡವಾ.’

ಗಿರಿಜಾಳ ಗಂಡ ಬಹಳ ಹಿಂದೆಯೇ ಇಲ್ಲಿಂದ ಬೇರೆ ರಾಜ್ಯ ಸೇರಿದ್ದಾನೆ. ಪೊಲೀಸರು ತನಿಖೆ ಮತ್ತೆ ತೆರೆದಿದ್ದಾರೆ. ಅವಳು ಹೇಗೆ ಸತ್ತಳೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಲ್ಲಿ ಬರೆಯುವುದೂ ಇಲ್ಲ. ಗೊತ್ತಿರುವುದು ಇಷ್ಟೇ: ಅವಳು ಕಾಣೆಯಾಗಿದ್ದಾಳೆಂದು ಯಾವ ಠಾಣೆಗೂ ಯಾರೂ ದೂರು ಕೊಡಲಿಲ್ಲ. ಡಿಎನ್‌ಎ ಇಷ್ಟು ದೂರ ನಡೆದು ಬಂದದ್ದು ವಿಜ್ಞಾನದ ಗೆಲುವು ಎಂದು ಚಪ್ಪಾಳೆ ತಟ್ಟುವವರಿದ್ದಾರೆ. ನಾನೂ ತಟ್ಟುತ್ತೇನೆ. ಆದರೆ ಒಂದು ದೂರು ಮಾಡಬಹುದಾಗಿದ್ದ ಕೆಲಸವನ್ನು ಮೂಳೆ ಪುಡಿಮಾಡಿ ಮಾಡಿಸಿಕೊಂಡೆವಲ್ಲ, ಅದು ಯಾರ ಸೋಲು?

ಇಲ್ಲಿನ ಕನ್ನಡಿಗರೆಲ್ಲ ಮನೆಯಿಂದ ಅಡುಗೆ ತಂದು ಸೇರುವ ಯುಗಾದಿಯ ಪಾಟ್‌ಲಕ್ಕಿನಲ್ಲಿ ಶೈಲಾರ ಬೇಡಿಕೆ ಹಿಡಿದು ವಿಚಾರಿಸುತ್ತ ಹೋದೆ. ಆ ಕಾಲದಲ್ಲಿ ಹೇವರ್ಡ್‌ನಲ್ಲಿ ಗಿರಿಜಾ ಇದ್ದ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲೇ ನಮ್ಮ ಬಳಗದ ಸುಧಾ ಆಂಟಿಯೂ ಇದ್ದರಂತೆ. ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದೇ ಅವರು ನೆನಪಿಸಿಕೊಂಡರು.

‘ಗಿರಿಜಾ? ಅಯ್ಯೋ, ನಮ್ಮ ಪಕ್ಕದ ಬಿಲ್ಡಿಂಗೇ ಕಣಮ್ಮ. ಒಳ್ಳೆ ಹುಡುಗಿ. ನಮ್ಮ ಮಗೂನ ಎತ್ಕೊಂಡು ಓಡಾಡ್ತಿದ್ಳು. ಒಂದಿನ ಇದ್ದಕ್ಕಿದ್ದ ಹಾಗೆ ಕಾಣ್ಲೇ ಇಲ್ಲ. ಇಂಡಿಯಾಗೆ ಹೋಗಿದಾಳೆ ಅಂದ ಗಂಡ.’

‘ಊರಿನವರಿಗೆ ಓಡಿಹೋದಳು ಅಂದಿದ್ದ, ಆಂಟಿ.’

ಆಂಟಿ ಹೋಳಿಗೆಯ ಅಂಚು ಮುರಿದರು. ‘ಅವಳ ಚಪ್ಲಿ, ಕೋಟು ಎಲ್ಲಾ ಬಾಗ್ಲಲ್ಲೇ ಇತ್ತು. ಚಳಿಗಾಲ ಬೇರೆ. ನಮಗೂ ಏನೋ ಅನುಮಾನ ಇತ್ತಮ್ಮ. ಅವರ ಮನೆ ವಿಷಯ, ನಮಗ್ಯಾಕೆ ಅಂತ ಸುಮ್ನಾದ್ವಿ.’

ಇದನ್ನು ಪೊಲೀಸರಿಗೆ ಹೇಳುತ್ತೀರಾ ಎಂದೆ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದರು. ಈ ಅಂಕಣವನ್ನು ಅವರು ಪ್ರತಿ ವಾರ ಓದುತ್ತಾರೆ. ಆದ್ದರಿಂದ ಅಲ್ಲಿ ಕೇಳದೆ ಉಳಿದದ್ದನ್ನು ಇಲ್ಲಿ ಕೇಳುತ್ತಿದ್ದೇನೆ.

ಅನುಮಾನವಿತ್ತು ಸರಿ, ಆಂಟಿ. ಮನೆಯಲ್ಲಿ ಫೋನೂ ಇತ್ತಲ್ಲವೇ?