ಸೋನಾಬಾಯಿಯ ತೋಳಬಳೆ

ಕೆಲವು ವರ್ಷಗಳ ಹಿಂದೆ ನಾನು ಕಲಬುರಗಿಯಲ್ಲಿ ಅರಣ್ಯ ಇಲಾಖೆಯ ಸಂಚಾರಿ ದಳದ ಅಧಿಕಾರಿಯಾಗಿದ್ದೆ. ಊರಿನ ಜಗತ್ ವೃತ್ತದ ಹತ್ತಿರ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಆನೆದಂತದ ಬಳೆಗಳು ಸಿಕ್ಕವು. ಅಗಲವಾದ, ಲಂಬಾಣಿ ಹೆಣ್ಣುಮಕ್ಕಳು ತೋಳಿಗೆ ಹಾಕುವಂಥವು. ಅಂಗಡಿಯ ಸಾಹುಕಾರ ನಕ್ಕ.

"ಏನ್ರೀ ಮೇಡಂ, ನಮ್ಮ ಜಿಲ್ಲಾದಾಗ ಆನೀನೇ ಇಲ್ಲ. ನಿಮಗ್ಯಾಕ್ರೀ ಈ ಉಸಾಬರಿ? ಹಳೇ ಮಾಲ್ ರೀ ಇದು. ಕಮಲಾಪುರ ಕಡೆ ತಾಂಡಾದ ಸೋನಾಬಾಯಿ ತನ್ನ ತೋಳಿಂದ ತಗದು ಮಾರ್ಯಾಳ."

ದಂತ ಹಳೆಯದಿರಲಿ, ಹೊಸದಿರಲಿ, ನಮ್ಮ ದೇಶದಲ್ಲಿ ಅದರ ಮಾರಾಟವೇ ಅಪರಾಧ. ಆದರೆ 'ಹಳೆಯದು' ಎಂದುಬಿಟ್ಟರೆ ಈಚೆಗೆ ಯಾರಾದರೂ ಆನೆ ಕೊಂದಿದ್ದರೆ ಅವರನ್ನು ಹುಡುಕುವ ದಾರಿ ಮುಚ್ಚುತ್ತದೆ. ದಂತ ಎಷ್ಟು ಹಳೆಯದೆಂದು ಹೇಳುವ ಲ್ಯಾಬ್ ವರದಿ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಈ ಹೇಳಿಕೆಯಂತೆ ಮಾರಿದವಳೆಂದು ಸೋನಾಬಾಯಿಯೂ ಆರೋಪಿಯಾಗುತ್ತಿದ್ದಳು.

ಮರುದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ತಾಂಡಾಕ್ಕೆ ಹೋದೆ. ಸೋನಾಬಾಯಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಸಾಹುಕಾರನ ಮಾತು ಹೇಳಿದೆ. ಮೊರ ಕೆಳಗಿಟ್ಟು ಸೆರಗು ಸರಿಸಿ ತೋಳು ಚಾಚಿದಳು. ಮೊಣಕೈ ಮೇಲೆ ಸಾಲಾಗಿ ಬಿಳಿ ಬಳೆ.

"ಒಮ್ಮೆ ಕಸೂತಿ ಬಟ್ಟಿ ಮಾರಾಕ ಅವನ ಅಂಗಡಿಗೆ ಹೋಗಿದ್ದೆ, ಹೆಸರು ಕೇಳಿದ್ದ. ಈ ಬಳಿ ಗಂಡ ಸತ್ತ ಮ್ಯಾಲಷ್ಟೇ ತಗೀತೀವ್ರೀ. ನನ್ನ ಗಂಡ ಇಲ್ಲೇ ಕುಂತು ಬೀಡಿ ಸೇದಾಕತ್ಯಾನ. ಇದ್ದ ಗಂಡನ್ನ ಸಾಯಿಸಿ ಬಿಟ್ಟನಲ್ಲ ಆ ಭಾಡ್ಯಾ!"

ಕಟ್ಟೆಯ ಮೇಲಿದ್ದ ಅವಳ ಗಂಡ ಧನಸಿಂಗ್ ಕೈ ಎತ್ತಿದ: "ಇನ್ನೂ ಇದ್ದೀನ್ರೀ ಮೇಡಂ, ಬರಕೊಳ್ರಿ."

ನನಗೂ ನಗು ಬಂತು. ಅವಳಿಗೆ ಬರಲಿಲ್ಲ.

"ಮುಟ್ಟಿ ನೋಡ್ರಿ, ಪ್ಲಾಸ್ಟಿಕ್. ನಮ್ಮತ್ತಿ ಕಾಲಕ್ಕ ದಂತದ್ದು ಇದ್ವು. ಸರ್ಕಾರ ಬ್ಯಾಡ ಅಂತು, ಬಿಟ್ವಿ. ನಮ್ಮ ಮುತ್ತೈದಿತನದ ದಂತಾನೇ ನಾವು ಬಿಟ್ಟೀವಿ. ಶೋಕಿಗೆ ಮಾರೋ ಅವನಿಗೇನು ಬಂದದ ರೋಗ?"

ಕಲಬುರಗಿಗೆ ಮರಳಿ, ಅವಳ ಹೇಳಿಕೆಯನ್ನು ಸಾಹುಕಾರನ ಮುಂದೆ ಓದಿದೆ. ಅವನ ನಗೆ ನಿಂತಿತು. ಸಂಜೆಯೊಳಗೆ, ದಕ್ಷಿಣದ ಕಾಡಂಚಿನ ಊರಿಂದ ಹಸಿ ದಂತ ತರಿಸಿ, ಬಳೆ ಕೊಯ್ಯಿಸಿ, ಚಹಾ ನೀರಲ್ಲಿ ನೆನೆಸಿ ಹಳೆಯ ಬಣ್ಣ ಬರಿಸಿದ್ದನ್ನು ಒಪ್ಪಿಕೊಂಡ. ಆ ದಂತಕ್ಕಾಗಿ ಆನೆ ಸತ್ತಿತ್ತು. ಅದನ್ನು ಮುಚ್ಚಲು ಬದುಕಿದ್ದ ಮನುಷ್ಯನನ್ನೂ ಮಾತಿನಲ್ಲೇ ಸಾಯಿಸಿದ್ದ. ನನ್ನ ಆ ಸಿಟ್ಟು ಇವತ್ತಿಗೂ ಆರಿಲ್ಲ.

ಈಗ ಇಲಾಖೆಗೆ ಹೊಸದಾಗಿ ಸೇರಿದವರು "ಮೇಡಂ, ಆನೆ ಇಲ್ಲದ ಜಿಲ್ಲೆಯಲ್ಲಿ ನಮಗೇನು ಕೆಲಸ?" ಎಂದು ಕೇಳಿದರೆ ಅಂಗಡಿ ಸಾಲು ತೋರಿಸುತ್ತೇನೆ. ಕೊಳ್ಳುವ ಕೈ ಇಲ್ಲಿದೆ ಅಂತಲೇ ಅಲ್ಲಿ ಕಾಡಿನಲ್ಲಿ ಗುಂಡು ಹಾರುತ್ತದೆ. ಇನ್ನೊಂದು ಮಾತನ್ನೂ ಹೇಳುತ್ತೇನೆ: ಸಿಕ್ಕಿಬಿದ್ದವನು ಬಡವರ ಹೆಸರು ಹೇಳಿದರೆ, ಬರೆದುಕೊಳ್ಳುವ ಮೊದಲು ಅವರ ಅಂಗಳಕ್ಕೊಮ್ಮೆ ಹೋಗಿ ಬನ್ನಿ.